ಕಿಡ್ನಿಯ ಕ್ಯಾನ್ಸರ್ ಕುತ್ತಿಗೆಯಲ್ಲಿ ಕಾಣಿಸಿಕೊಳ್ಳಬಹುದೇ? ಥೈರಾಯ್ಡ್‌ಗೆ ಹರಡುವ ಕ್ಯಾನ್ಸರ್‌ಗಳ ಬಗ್ಗೆ ನೀವು ತಿಳಿದಿರಬೇಕಾದದ್ದು

ಕುತ್ತಿಗೆಯಲ್ಲಿ ಗಂಟು ಕಂಡಿತು ಎಂದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳಿಗೆ ಬರವಿಲ್ಲ. ಟಿಎಸ್‌ಎಚ್ ನಾರ್ಮಲ್ ಬಂದರೆ ಗಂಟಿನ ಚಿಂತೆ ಬಿಡಿ ಎನ್ನುವ ಮಾತು ಒಂದು ಗ್ರೂಪ್‌ನಲ್ಲಿ. ಗಂಟಿಗೆ ಸೂಜಿ ಚುಚ್ಚಿಸಬೇಡಿ, ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎನ್ನುವುದು ಇನ್ನೊಂದರಲ್ಲಿ. ಆಪರೇಷನ್ ಆಗಿ ಐದು ವರ್ಷ ಕಳೆದರೆ ಕ್ಯಾನ್ಸರ್ ಪೂರ್ತಿ ಹೋಯಿತೆಂದೇ ಅರ್ಥ ಎನ್ನುವುದು ಮತ್ತೊಂದರಲ್ಲಿ.

ಈ ಮೂರೂ ಮಾತುಗಳನ್ನು ನಂಬಿದರೆ ಮೋಸ ಹೋಗುವಂಥ ಒಂದು ಕಾಯಿಲೆ ಇದೆ. ದೇಹದ ಬೇರೆಲ್ಲೋ ಹುಟ್ಟಿ, ರಕ್ತದ ಮೂಲಕ ಸಾಗಿ, ಥೈರಾಯ್ಡ್ ಗ್ರಂಥಿಯಲ್ಲಿ ಬಂದು ನೆಲೆಸುವ ಕ್ಯಾನ್ಸರ್ ಅದು. ಇದು ಅಪರೂಪವೇ. ಆದರೆ ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಯಾನ್ಸರ್ ಆಗಿ ವಾಸಿಯಾಗಿದ್ದರೆ, ಈ ವಿಷಯ ಗೊತ್ತಿರುವುದು ಒಳ್ಳೆಯದು. ಏಕೆಂದರೆ ಇಲ್ಲಿ ಸರಿಯಾದ ಚಿಕಿತ್ಸೆ ಸಿಗುವುದು ಎಷ್ಟೋ ಸಲ ರೋಗಿ ವೈದ್ಯರ ಮುಂದೆ ಹೇಳುವ ಒಂದೇ ಒಂದು ವಾಕ್ಯದ ಮೇಲೆ ನಿಂತಿರುತ್ತದೆ: "ನನಗೆ ಹಿಂದೆ ಕ್ಯಾನ್ಸರ್ ಆಗಿತ್ತು."

ಚುಟುಕಾಗಿ ಹೇಳುವುದಾದರೆ

• ಥೈರಾಯ್ಡ್‌ನಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿದ್ದರೂ ಬಹುಪಾಲು ಥೈರಾಯ್ಡ್‌ನಲ್ಲೇ ಹುಟ್ಟಿದವು.
• ಕಿಡ್ನಿ, ಶ್ವಾಸಕೋಶ, ಸ್ತನ, ದೊಡ್ಡ ಕರುಳು ಮುಂತಾದ ಕಡೆ ಹುಟ್ಟಿದ ಕ್ಯಾನ್ಸರ್ ಅಪರೂಪಕ್ಕೆ ಥೈರಾಯ್ಡ್‌ಗೆ ಹರಡುತ್ತದೆ.
• ಕಿಡ್ನಿ ಕ್ಯಾನ್ಸರ್ ಆಪರೇಷನ್ ಆಗಿ ಹತ್ತು, ಇಪ್ಪತ್ತು ವರ್ಷಗಳ ನಂತರ ಹೀಗಾದ ಉದಾಹರಣೆಗಳಿವೆ.
• ರಕ್ತದ ಥೈರಾಯ್ಡ್ ಪರೀಕ್ಷೆ ಇದನ್ನು ಪತ್ತೆ ಮಾಡುವುದಿಲ್ಲ. ಸ್ಕ್ಯಾನ್ ಮತ್ತು ಸೂಜಿ ಪರೀಕ್ಷೆ ಬೇಕು.
• ಹಳೆಯ ಕ್ಯಾನ್ಸರ್ ಎಷ್ಟೇ ಹಳತಾಗಿದ್ದರೂ ವೈದ್ಯರಿಗೆ ಹೇಳಲೇಬೇಕು.

"ನನಗೆ ಥೈರಾಯ್ಡ್ ಇದೆ" ಎಂದರೆ ಏನು?

ಥೈರಾಯ್ಡ್ ಒಂದು ಕಾಯಿಲೆಯ ಹೆಸರಲ್ಲ, ಒಂದು ಗ್ರಂಥಿಯ ಹೆಸರು. ಅದು ಎಲ್ಲರಿಗೂ ಇರುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಕೂತಿರುತ್ತದೆ. ತೂಕ ಸುಮಾರು 15ರಿಂದ 25 ಗ್ರಾಂ. ಆಹಾರದಲ್ಲಿನ ಅಯೋಡಿನ್ ಬಳಸಿ ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುವುದು ಇದರ ಕೆಲಸ.

ಜನ "ಥೈರಾಯ್ಡ್ ಇದೆ" ಎನ್ನುವುದು ಸಾಮಾನ್ಯವಾಗಿ ಈ ಹಾರ್ಮೋನು ಕಡಿಮೆಯಾದಾಗ ಅಥವಾ ಹೆಚ್ಚಾದಾಗ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಚಿಕ್ಕ ಮಾತ್ರೆ ಆ ಹಾರ್ಮೋನಿನ ಕೊರತೆಗೆ. ಅದಕ್ಕೂ ಕ್ಯಾನ್ಸರ್‌ಗೂ ನಂಟು ಕಟ್ಟಿ ಹೆದರಬೇಕಾಗಿಲ್ಲ.

ಎರಡನೆಯ ವಿಷಯ ಥೈರಾಯ್ಡ್‌ನಲ್ಲೇ ಹುಟ್ಟುವ ಕ್ಯಾನ್ಸರ್. ಅದರಲ್ಲಿ ಹೆಚ್ಚು ಕಾಣುವುದು ಪ್ಯಾಪಿಲರಿ ಎನ್ನುವ ಬಗೆ. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್ ಇದು.

ಮೂರನೆಯದೇ ಈ ಲೇಖನದ ವಿಷಯ: ಬೇರೆ ಅಂಗದಿಂದ ಥೈರಾಯ್ಡ್‌ಗೆ ವಲಸೆ ಬಂದ ಕ್ಯಾನ್ಸರ್. ವೈದ್ಯರು ಮಾತಿನಲ್ಲಿ ಇದನ್ನು ಸೆಕೆಂಡರಿ ಎನ್ನುತ್ತಾರೆ. ರಿಪೋರ್ಟ್‌ನಲ್ಲಿ ಮೆಟಾಸ್ಟಾಸಿಸ್ ಎಂದು ಬರೆದಿರುತ್ತದೆ. ಈ ಮೂರರ ಹೆಸರಿನಲ್ಲೂ "ಥೈರಾಯ್ಡ್" ಎಂಬ ಪದ ಬರುವುದರಿಂದಲೇ ಫಾರ್ವರ್ಡ್‌ಗಳಲ್ಲಿ ಎಲ್ಲವೂ ಕಲಸುಮೇಲೋಗರವಾಗಿದೆ.

ಕ್ಯಾನ್ಸರ್‌ಗೆ ಹೆಸರು ಬರುವುದು ಹುಟ್ಟಿದ ಊರಿನಿಂದ

ಕಿಡ್ನಿಯಲ್ಲಿ ಹುಟ್ಟಿದ ಕ್ಯಾನ್ಸರ್ ಥೈರಾಯ್ಡ್‌ಗೆ ಬಂದರೆ ಅದು ಥೈರಾಯ್ಡ್ ಕ್ಯಾನ್ಸರ್ ಆಯಿತೇ? ಇಲ್ಲ. ಅದು ಥೈರಾಯ್ಡ್‌ನಲ್ಲಿ ಬೀಡುಬಿಟ್ಟ ಕಿಡ್ನಿ ಕ್ಯಾನ್ಸರ್. ಕೊಡಗಿನ ಕಿತ್ತಳೆ ಸಸಿಯನ್ನು ತಂದು ತುಮಕೂರಿನ ಹಿತ್ತಲಲ್ಲಿ ನೆಟ್ಟರೆ ಅದು ತೆಂಗಿನ ಮರವಾಗುವುದಿಲ್ಲ. ಹಾಗೆಯೇ ಜೀವಕೋಶವೂ ಎಲ್ಲಿಗೆ ಹೋದರೂ ಹುಟ್ಟಿದ ಅಂಗದ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ.

ಇದು ಬರೀ ಹೆಸರಿನ ತಕರಾರಲ್ಲ, ಚಿಕಿತ್ಸೆಯೇ ಇದರ ಮೇಲೆ ನಿಂತಿದೆ. ಥೈರಾಯ್ಡ್‌ನ ಸ್ವಂತ ಕ್ಯಾನ್ಸರ್‌ಗೆ ಕೊಡುವ ಒಂದು ಪ್ರಮುಖ ಚಿಕಿತ್ಸೆ ವಿಕಿರಣಶೀಲ ಅಯೋಡಿನ್. ಥೈರಾಯ್ಡ್ ಜೀವಕೋಶಕ್ಕೆ ಅಯೋಡಿನ್ ಹೀರಿಕೊಳ್ಳುವ ಸ್ವಭಾವವಿದೆ. ಹಾಗಾಗಿ ಆ ಔಷಧ ನೇರವಾಗಿ ಅದರೊಳಗೆ ಹೋಗಿ ಅದನ್ನು ಕೊಲ್ಲುತ್ತದೆ. ಕಿಡ್ನಿಯಿಂದ ಬಂದ ಜೀವಕೋಶಕ್ಕೆ ಆ ಸ್ವಭಾವವಿಲ್ಲ. ಅದಕ್ಕೆ ಎಷ್ಟೇ ವಿಕಿರಣಶೀಲ ಅಯೋಡಿನ್ ಕೊಟ್ಟರೂ ಉಪಯೋಗವಿಲ್ಲ, ಕಾಲ ಮಾತ್ರ ಕಳೆದುಹೋಗುತ್ತದೆ. ಮೂಲ ಯಾವುದು ಎಂದು ಪತ್ತೆಯಾಗುವುದು ಅಷ್ಟು ಮುಖ್ಯ ಎನ್ನುವುದು ಇದಕ್ಕೇ.

ಎಷ್ಟು ಅಪರೂಪ?

ಥೈರಾಯ್ಡ್ ಗಂಟು ಎನ್ನುವುದೇ ಬಹಳ ಸಾಮಾನ್ಯ ಸಂಗತಿ. ಕೈಗೆ ಸಿಗುವಷ್ಟು ದೊಡ್ಡ ಗಂಟು ವಯಸ್ಕರಲ್ಲಿ ನೂರಕ್ಕೆ ಸುಮಾರು ಐದು ಜನರಲ್ಲಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ ಇನ್ನೂ ಎಷ್ಟೋ ಜನರಲ್ಲಿ ಚಿಕ್ಕ ಚಿಕ್ಕ ಗಂಟುಗಳು ಕಾಣುತ್ತವೆ. ಇವುಗಳಲ್ಲಿ ಸುಮಾರು ಶೇ. 90ಕ್ಕಿಂತ ಹೆಚ್ಚು ನಿರುಪದ್ರವಿ.

ಉಳಿದ ಸ್ವಲ್ಪ ಪಾಲು ಕ್ಯಾನ್ಸರ್. ಆ ಕ್ಯಾನ್ಸರ್‌ಗಳಲ್ಲೂ ಬೇರೆ ಕಡೆಯಿಂದ ಬಂದದ್ದು, ಆಸ್ಪತ್ರೆಗಳ ಲೆಕ್ಕದಲ್ಲಿ, ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ.

ಆದರೆ ಇನ್ನೊಂದು ಲೆಕ್ಕ ಬೇರೆ ಕಥೆ ಹೇಳುತ್ತದೆ. ಕ್ಯಾನ್ಸರ್‌ನಿಂದ ತೀರಿಕೊಂಡವರ ಮರಣೋತ್ತರ ಪರೀಕ್ಷೆಗಳಲ್ಲಿ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು 2ರಿಂದ 24 ಜನರಲ್ಲಿ ಹರಡಿದ ಕ್ಯಾನ್ಸರ್ ಕಂಡಿದೆ. ಅಂದರೆ ಕ್ಯಾನ್ಸರ್ ಜೀವಕೋಶಗಳು ಥೈರಾಯ್ಡ್ ತಲುಪುವುದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಬದುಕಿರುವಾಗ ತೊಂದರೆ ಕೊಡುವಷ್ಟು ದೊಡ್ಡ ಗಂಟಾಗಿ ಬೆಳೆಯುವುದು ಕಡಿಮೆ, ಅಷ್ಟೆ.

ರಕ್ತ ಧಾರಾಳ, ಆದರೂ ಕ್ಯಾನ್ಸರ್ ಕಡಿಮೆ: ಏಕೆ?

ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ ಇದು. ಥೈರಾಯ್ಡ್‌ನಲ್ಲಿ ಪ್ರತಿ ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 5 ಮಿಲಿಲೀಟರ್ ರಕ್ತ ಹರಿಯುತ್ತದೆ. ತೂಕದ ಲೆಕ್ಕದಲ್ಲಿ ದೇಹದ ಅತಿ ಹೆಚ್ಚು ರಕ್ತ ಪಡೆಯುವ ಅಂಗಗಳಲ್ಲಿ ಇದೂ ಒಂದು. 20 ಗ್ರಾಂ ಗ್ರಂಥಿಗೆ ನಿಮಿಷಕ್ಕೆ ಒಂದು ಸಣ್ಣ ಲೋಟದಷ್ಟು ರಕ್ತ! ಕ್ಯಾನ್ಸರ್ ಹರಡುವುದು ರಕ್ತದಲ್ಲಿ ಎಂದಾದರೆ ಥೈರಾಯ್ಡ್ ತುಂಬ ಸೆಕೆಂಡರಿಗಳೇ ಇರಬೇಕಿತ್ತಲ್ಲ?

1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಹಿಳೆಯರ ದಾಖಲೆಗಳನ್ನು ನೋಡಿ ಒಂದು ಮಾತು ಹೇಳಿದರು. ಕ್ಯಾನ್ಸರ್ ಜೀವಕೋಶ ಬೀಜವಿದ್ದಂತೆ. ಬೀಜ ಎಲ್ಲ ಕಡೆ ಬಿದ್ದರೂ ಹದವಾದ ನೆಲದಲ್ಲಷ್ಟೇ ಮೊಳೆಯುತ್ತದೆ. ಬಂಡೆಯ ಮೇಲೆ ಬಿದ್ದ ರಾಗಿ ಪೈರಾಗುವುದಿಲ್ಲ ಎನ್ನುವುದು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ.

ಹಾಗಾದರೆ ಥೈರಾಯ್ಡ್ ಎಂಥ ನೆಲ? 1931ರಲ್ಲಿ ಆಸ್ಟ್ರೇಲಿಯಾದ ರೂಪರ್ಟ್ ವಿಲ್ಲಿಸ್ ಎಂಬ ರೋಗಶಾಸ್ತ್ರಜ್ಞ ಇದಕ್ಕೊಂದು ವಿವರಣೆ ಕೊಟ್ಟರು. ಥೈರಾಯ್ಡ್‌ನಲ್ಲಿ ರಕ್ತ ಎಷ್ಟು ರಭಸವಾಗಿ ಹರಿಯುತ್ತದೆಂದರೆ ಕ್ಯಾನ್ಸರ್ ಜೀವಕೋಶಕ್ಕೆ ಕಾಲೂರಲು ಸಮಯವೇ ಸಿಗುವುದಿಲ್ಲ. ತುಂಬಿ ಹರಿಯುವ ಹೊಳೆಯಲ್ಲಿ ಬಿದ್ದ ಬೀಜ ದಡ ಸೇರದೆ ಕೊಚ್ಚಿಹೋಗುವ ಹಾಗೆ. ಜೊತೆಗೆ ಅಲ್ಲಿರುವ ಹೇರಳ ಆಮ್ಲಜನಕ ಮತ್ತು ಅಯೋಡಿನ್ ಕೂಡ ಅದಕ್ಕೆ ಒಗ್ಗುವುದಿಲ್ಲ ಎಂಬುದು ಅವರ ಊಹೆ.

ಈ ಊಹೆಗೆ ಪೂರಕವಾದ ಒಂದು ಸಂಗತಿ ನಂತರದ ಅಧ್ಯಯನಗಳಲ್ಲಿ ಕಂಡಿದೆ. ಗಳಗಂಡ, ಹಳೆಯ ನಿರುಪದ್ರವಿ ಗಂಟು ಅಥವಾ ದೀರ್ಘಕಾಲದ ಉರಿಯೂತದಿಂದ ಗ್ರಂಥಿ ಮೊದಲೇ ಕೆಟ್ಟಿರುವವರಲ್ಲಿ ಸೆಕೆಂಡರಿ ಹೆಚ್ಚಾಗಿ ಕಾಣುತ್ತದೆ. ಕೆಲವೊಮ್ಮೆ ಹರಡಿದ ಕ್ಯಾನ್ಸರ್ ಹೋಗಿ ಕೂರುವುದು ಥೈರಾಯ್ಡ್‌ನಲ್ಲಿ ಮೊದಲೇ ಇದ್ದ ಗಂಟಿನ ಒಳಗೇ. ಹೊಳೆಯ ರಭಸ ತಗ್ಗಿ ಮಡುವಾದಲ್ಲಿ ಬೀಜ ನಿಂತ ಹಾಗೆ. ಹಾಗೆಂದು ಗಳಗಂಡ ಇರುವವರೆಲ್ಲ ಹೆದರಬೇಕಿಲ್ಲ. ದೇಹದಲ್ಲಿ ಬೇರೊಂದು ಕ್ಯಾನ್ಸರ್ ಇದ್ದು ಅದು ಹರಡಿದಾಗ ಮಾತ್ರ ಈ ಮಾತು.

ಯಾವ ಕ್ಯಾನ್ಸರ್‌ಗಳು ಬರುತ್ತವೆ? ಕಿಡ್ನಿಯೇ ಏಕೆ ಮೊದಲು?

ರೋಗಿ ಬದುಕಿರುವಾಗ ಪತ್ತೆಯಾಗುವ ಥೈರಾಯ್ಡ್ ಸೆಕೆಂಡರಿಗಳಲ್ಲಿ ಮೊದಲ ಸ್ಥಾನ ಕಿಡ್ನಿಯ ಕ್ಯಾನ್ಸರ್‌ಗೆ. ಹಲವು ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟು ಇದೇ. ನಂತರದ ಸ್ಥಾನಗಳಲ್ಲಿ ದೊಡ್ಡ ಕರುಳು, ಶ್ವಾಸಕೋಶ ಮತ್ತು ಸ್ತನದ ಕ್ಯಾನ್ಸರ್‌ಗಳು ಬರುತ್ತವೆ. ಚರ್ಮದ ಮೆಲನೋಮಾ, ಅನ್ನನಾಳದ ಕ್ಯಾನ್ಸರ್ ಕೂಡ ಪಟ್ಟಿಯಲ್ಲಿವೆ. ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್‌ಗಳು ರಕ್ತದ ಹಾದಿ ಹಿಡಿಯದೆ, ಪಕ್ಕದ ಮನೆಯ ಬೆಂಕಿಯಂತೆ ನೇರವಾಗಿಯೂ ಥೈರಾಯ್ಡ್‌ಗೆ ಚಾಚಿಕೊಳ್ಳುವುದುಂಟು.

ಕಿಡ್ನಿ ಏಕೆ ಮೊದಲು? ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಕಿಡ್ನಿ ಕ್ಯಾನ್ಸರ್ ಗಡ್ಡೆಯೂ ರಕ್ತನಾಳಗಳಿಂದ ತುಂಬಿರುತ್ತದೆ. ಅದು ಕಿಡ್ನಿಯ ರಕ್ತನಾಳದ ಒಳಗೇ ಬೆಳೆದು ಹೋಗುವುದೂ ಉಂಟು. ಹಾಗಾಗಿ ಜೀವಕೋಶಗಳು ರಕ್ತಕ್ಕೆ ಸೇರುವುದು ಸುಲಭ.

ರಕ್ತಕ್ಕೆ ಸೇರಿದ ಮೇಲೆ ಅವು ಹೃದಯದ ಮೂಲಕ ಮೊದಲು ಶ್ವಾಸಕೋಶಕ್ಕೆ ಹೋಗುತ್ತವೆ. ಕಿಡ್ನಿ ಕ್ಯಾನ್ಸರ್ ಹೆಚ್ಚಾಗಿ ಶ್ವಾಸಕೋಶಕ್ಕೆ ಹರಡುವುದು ಇದರಿಂದಲೇ. ಆದರೆ ಶ್ವಾಸಕೋಶ ಸ್ವಚ್ಛವಾಗಿದ್ದು ಥೈರಾಯ್ಡ್‌ನಲ್ಲಿ ಮಾತ್ರ ಗಂಟು ಕಂಡ ರೋಗಿಗಳೂ ಇದ್ದಾರೆ. ಇದು ಹೇಗೆ? ಒಂದು ವಿವರಣೆ ಬೆನ್ನುಮೂಳೆಯ ಸುತ್ತ ಹಬ್ಬಿರುವ ಅಭಿಧಮನಿಗಳ ಬಲೆ. 1940ರಲ್ಲಿ ಅಮೆರಿಕದ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ ಇದರ ಮಹತ್ವವನ್ನು ತೋರಿಸಿದರು. ಈ ನಾಳಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ಮುಕ್ಕಿದಾಗ ಹೊಟ್ಟೆಯ ಒತ್ತಡ ಹೆಚ್ಚಾಗಿ ರಕ್ತ ಇದರಲ್ಲಿ ಹಿಂದುಮುಂದಾಗಿ ಚಲಿಸಬಹುದು. ಹೆದ್ದಾರಿಯ ಟೋಲ್ ತಪ್ಪಿಸಿಕೊಂಡು ಸರ್ವಿಸ್ ರಸ್ತೆಯಲ್ಲಿ ಹೋದಂತೆ, ಕ್ಯಾನ್ಸರ್ ಜೀವಕೋಶ ಶ್ವಾಸಕೋಶವನ್ನು ತಪ್ಪಿಸಿಕೊಂಡು ಮೇಲಕ್ಕೆ ಬರಲು ಇದೊಂದು ದಾರಿ.

ಇಪ್ಪತ್ತು ವರ್ಷ ಸುಮ್ಮನಿದ್ದದ್ದು ಈಗೇಕೆ ಬಂತು?

ಕಿಡ್ನಿ ಕ್ಯಾನ್ಸರ್‌ನ ವಿಚಿತ್ರ ಗುಣವೇ ಇದು. ಕ್ಯಾನ್ಸರ್ ಇದ್ದ ಕಿಡ್ನಿಯನ್ನು ತೆಗೆದು ಹಾಕಿ, ಎಲ್ಲ ಸ್ಕ್ಯಾನ್ ಸರಿ ಬಂದು, ರೋಗಿ ವರ್ಷಗಟ್ಟಲೆ ಆರೋಗ್ಯವಾಗಿದ್ದು, ಫಾಲೋಅಪ್ ಕೂಡ ನಿಂತುಹೋದ ಮೇಲೆ ಅದು ಮತ್ತೆ ತಲೆ ಎತ್ತಬಹುದು. ಥೈರಾಯ್ಡ್‌ನಲ್ಲಿ ಅದು ಕಾಣಿಸಿಕೊಂಡವರಲ್ಲಿ ಐದರಿಂದ ಹತ್ತು ವರ್ಷಗಳ ಅಂತರ ಅಸಾಮಾನ್ಯವೇನಲ್ಲ. 20 ವರ್ಷ ದಾಟಿದ ನಂತರ ಕಂಡ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಇಷ್ಟು ದಿನ ಅದು ಎಲ್ಲಿತ್ತು? ಆಪರೇಷನ್‌ಗೆ ಮೊದಲೇ ಕೆಲವು ಜೀವಕೋಶಗಳು ರಕ್ತದ ಮೂಲಕ ಹೊರಟು ಬೇರೆಡೆ ಸೇರಿರುತ್ತವೆ. ಅವು ವಿಭಜನೆಯಾಗದೆ, ಸ್ಕ್ಯಾನ್‌ಗೂ ಕಾಣದಷ್ಟು ಸಣ್ಣದಾಗಿ, ಸುಪ್ತವಾಗಿ ಉಳಿಯುತ್ತವೆ. ದೇಹದ ರೋಗನಿರೋಧಕ ಶಕ್ತಿ ಅವನ್ನು ಹದ್ದುಬಸ್ತಿನಲ್ಲಿ ಇಟ್ಟಿರಬಹುದು. ಬೇಸಿಗೆಯಿಡೀ ಮಣ್ಣಿನಲ್ಲಿ ಒಣಗಿ ಮಲಗಿದ್ದ ಕಳೆಬೀಜ ಮೊದಲ ಮಳೆಗೆ ಚಿಗುರುವಂತೆ, ಪರಿಸ್ಥಿತಿ ಬದಲಾದಾಗ ಬೆಳೆಯಲು ಶುರುಮಾಡುತ್ತವೆ.

ಇನ್ನು ಕೆಲವರಲ್ಲಿ ಕಥೆ ತಲೆಕೆಳಗು. ಕಿಡ್ನಿಯಲ್ಲಿ ಕ್ಯಾನ್ಸರ್ ಇರುವುದೇ ಗೊತ್ತಿರುವುದಿಲ್ಲ. ಮೊದಲು ಕಾಣುವುದು ಕುತ್ತಿಗೆಯ ಗಂಟು. ಅದನ್ನು ಪರೀಕ್ಷಿಸಿ, ಹೊಟ್ಟೆಯ ಸ್ಕ್ಯಾನ್ ಮಾಡಿದಾಗಲೇ ಮೂಲ ಸಿಗುತ್ತದೆ.

ಫಾರ್ವರ್ಡ್‌ಗಳು ಹೇಳುವುದು ಮತ್ತು ನಿಜ ಸಂಗತಿ

ಹೇಳಿಕೆ 1: ಟಿಎಸ್‌ಎಚ್, ಟಿ3, ಟಿ4 ನಾರ್ಮಲ್ ಇದ್ದರೆ ಗಂಟು ಅಪಾಯಕಾರಿ ಅಲ್ಲ.

ತಪ್ಪು. ಈ ರಕ್ತ ಪರೀಕ್ಷೆಗಳು ಹೇಳುವುದು ಗ್ರಂಥಿ ಹಾರ್ಮೋನು ಸರಿಯಾಗಿ ತಯಾರಿಸುತ್ತಿದೆಯೇ ಎಂಬುದನ್ನು ಮಾತ್ರ. ಹತ್ತು ಯಂತ್ರಗಳ ಕಾರ್ಖಾನೆಯ ಒಂದು ಮೂಲೆಯಲ್ಲಿ ಕಳ್ಳ ಸೇರಿಕೊಂಡಿದ್ದರೂ ಉತ್ಪಾದನೆ ಎಂದಿನಂತೆ ನಡೆಯಬಹುದು. ಥೈರಾಯ್ಡ್‌ನ ಸ್ವಂತ ಕ್ಯಾನ್ಸರ್ ಇರುವವರಲ್ಲೂ, ಹರಡಿದ ಕ್ಯಾನ್ಸರ್ ಇರುವವರಲ್ಲೂ ಟಿಎಸ್‌ಎಚ್ ಬಹುತೇಕ ನಾರ್ಮಲ್ ಆಗಿಯೇ ಇರುತ್ತದೆ. ಗಂಟಿನ ಸ್ವಭಾವ ತಿಳಿಯಲು ಅಲ್ಟ್ರಾಸೌಂಡ್ ಬೇಕು. ಅಗತ್ಯ ಕಂಡರೆ ಸೂಜಿ ಪರೀಕ್ಷೆ ಬೇಕು.

ಹೇಳಿಕೆ 2: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ.

ಈ ಭಯ ಬಹಳ ಹಳೆಯದು, ಹಳ್ಳಿಯಿಂದ ನಗರದವರೆಗೂ ಇದೆ. ಎಫ್‌ಎನ್‌ಎಸಿ ಎಂಬ ಪರೀಕ್ಷೆಯಲ್ಲಿ ಬಳಸುವುದು ರಕ್ತ ತೆಗೆಯುವ ಸೂಜಿಯಷ್ಟು ಅಥವಾ ಅದಕ್ಕಿಂತಲೂ ತೆಳುವಾದ ಸೂಜಿ. ಅದರ ದಾರಿಯಲ್ಲಿ ಕ್ಯಾನ್ಸರ್ ಜೀವಕೋಶ ನೆಲೆಯೂರುವುದು ಅತ್ಯಂತ ಅಪರೂಪ. ಥೈರಾಯ್ಡ್ ಗಂಟುಗಳ ಪರೀಕ್ಷೆಗೆ ಇದು ಜಗತ್ತಿನಾದ್ಯಂತ ದಿನನಿತ್ಯ ನಡೆಯುವ ವಿಧಾನ. ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಕಾಯುವುದರಲ್ಲಿರುವ ಅಪಾಯವೇ ಹೆಚ್ಚು. ಬಯಾಪ್ಸಿ ಮಾಡಿಸಿದ ಮೇಲೇ ಕಾಯಿಲೆ ಹೆಚ್ಚಾಯಿತು ಎಂದು ಜನ ಹೇಳುವುದು, ಬಹುಪಾಲು ಸಂದರ್ಭಗಳಲ್ಲಿ ಪರೀಕ್ಷೆಗೆ ಬರುವ ಹೊತ್ತಿಗೇ ಕಾಯಿಲೆ ಮುಂದುವರಿದಿದ್ದರಿಂದ.

ಹೇಳಿಕೆ 3: ಐದು ವರ್ಷ ದಾಟಿದರೆ ಕ್ಯಾನ್ಸರ್ ಮತ್ತೆ ಬರುವುದಿಲ್ಲ.

ಅರ್ಧ ಸತ್ಯ. ಅನೇಕ ಕ್ಯಾನ್ಸರ್‌ಗಳಲ್ಲಿ ಐದು ವರ್ಷದ ನಂತರ ಮರುಕಳಿಸುವ ಸಾಧ್ಯತೆ ಬಹಳ ಇಳಿಯುತ್ತದೆ. ಇದು ನೆಮ್ಮದಿಯ ವಿಷಯವೇ. ಆದರೆ ಕಿಡ್ನಿ ಮತ್ತು ಸ್ತನದ ಕೆಲವು ಬಗೆಯ ಕ್ಯಾನ್ಸರ್‌ಗಳು ತಡವಾಗಿ ಮರಳುವುದಕ್ಕೆ ಹೆಸರಾದವು. ದಿನವೂ ಹೆದರಿಕೊಂಡು ಬದುಕಬೇಕಿಲ್ಲ. ಹೊಸ ಗಂಟು ಕಂಡಾಗ ಹಳೆಯದನ್ನು ನೆನಪಿಸಿಕೊಂಡರೆ ಸಾಕು.

ಹೇಳಿಕೆ 4: ಕೊತ್ತಂಬರಿ ಬೀಜದ ನೀರು ಕುಡಿದರೆ ಥೈರಾಯ್ಡ್ ಗಂಟು ಕರಗುತ್ತದೆ.

ಕೊತ್ತಂಬರಿ ನೀರು ಕುಡಿಯುವುದರಿಂದ ಹಾನಿಯಿಲ್ಲ. ಆದರೆ ಅದು ಗಂಟನ್ನು, ಅದರಲ್ಲೂ ಕ್ಯಾನ್ಸರ್ ಗಂಟನ್ನು ಕರಗಿಸುತ್ತದೆ ಎನ್ನಲು ಆಧಾರವಿಲ್ಲ. ಹಾನಿಯಾಗುವುದು ಅದನ್ನು ನಂಬಿ ಆರು ತಿಂಗಳು ಆಸ್ಪತ್ರೆಗೆ ಹೋಗದೆ ಇದ್ದರೆ. ಗಂಟಿನ ಮೇಲೆ ಎಣ್ಣೆ ಹಚ್ಚಿ ಒತ್ತಿ ತಿಕ್ಕುವುದಂತೂ ಬೇಡವೇ ಬೇಡ.

ಲ್ಯಾಬ್‌ನಲ್ಲಿ ಮೂಲ ಪತ್ತೆಯಾಗುವುದು ಹೇಗೆ?

ಸೂಜಿಯಲ್ಲಿ ತೆಗೆದ ಜೀವಕೋಶಗಳನ್ನು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಲ್ಲೇ ತೊಡಕು ಇರುವುದು. ಕಿಡ್ನಿ ಕ್ಯಾನ್ಸರ್‌ನ ಸಾಮಾನ್ಯ ಬಗೆಯಲ್ಲಿ ಜೀವಕೋಶದೊಳಗೆ ಕೊಬ್ಬು ಮತ್ತು ಗ್ಲೈಕೋಜನ್ ತುಂಬಿರುತ್ತದೆ. ಸ್ಲೈಡ್ ತಯಾರಿಸುವಾಗ ಅವು ಕರಗಿಹೋಗುವುದರಿಂದ ಜೀವಕೋಶ ಖಾಲಿ ಗುಳ್ಳೆಯಂತೆ ತಿಳಿಯಾಗಿ ಕಾಣುತ್ತದೆ. ಆದರೆ ಥೈರಾಯ್ಡ್‌ನ ಕೆಲವು ಸ್ವಂತ ಗಡ್ಡೆಗಳಲ್ಲೂ ಹೀಗೇ ಕಾಣುವ ಜೀವಕೋಶಗಳಿರುತ್ತವೆ. ಜೊತೆಗೆ ಕಿಡ್ನಿಯಿಂದ ಬಂದ ಗಂಟಿಗೆ ಸೂಜಿ ಹಾಕಿದರೆ ಬರೀ ರಕ್ತವೇ ಬಂದು, ರಿಪೋರ್ಟ್ "ಸ್ಪಷ್ಟವಿಲ್ಲ" ಎಂದಾಗುವುದೂ ಉಂಟು. ಆಗ ಸ್ವಲ್ಪ ದಪ್ಪ ಸೂಜಿಯಿಂದ ಅಂಗಾಂಶದ ಎಳೆಯನ್ನೇ ತೆಗೆಯುವ ಕೋರ್ ಬಯಾಪ್ಸಿ ಬೇಕಾಗುತ್ತದೆ.

ಮುಂದಿನ ಹೆಜ್ಜೆ ವಿಶೇಷ ಬಣ್ಣದ ಪರೀಕ್ಷೆಗಳು. ಪ್ರತಿ ಅಂಗದ ಜೀವಕೋಶವೂ ತನ್ನದೇ ಆದ ಕೆಲವು ಪ್ರೋಟೀನ್‌ಗಳನ್ನು ಹೊಂದಿರುತ್ತದೆ. ಒಂದು ರೀತಿಯಲ್ಲಿ ಅವೇ ಅದರ ಗುರುತಿನ ಚೀಟಿ. ಆದರೆ ಕೆಲವು ಗುರುತುಗಳು ಇಬ್ಬರ ಬಳಿಯೂ ಇರುತ್ತವೆ. ಪ್ಯಾಕ್ಸ್-8 ಎಂಬ ಗುರುತು ಥೈರಾಯ್ಡ್‌ನಲ್ಲೂ ಇದೆ, ಕಿಡ್ನಿಯಲ್ಲೂ ಇದೆ. ಟಿಟಿಎಫ್-1 ಥೈರಾಯ್ಡ್‌ನಲ್ಲೂ ಇದೆ, ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್‌ನಲ್ಲೂ ಇದೆ. ಇವುಗಳಲ್ಲಿ ಒಂದನ್ನೇ ನೋಡಿ ತೀರ್ಮಾನಿಸಿದರೆ ತಪ್ಪಾಗಬಹುದು. ಹೆಚ್ಚು ನಂಬಲರ್ಹವಾದದ್ದು ಥೈರೋಗ್ಲಾಬ್ಯುಲಿನ್. ಇದನ್ನು ತಯಾರಿಸುವುದು ಥೈರಾಯ್ಡ್ ಜೀವಕೋಶ ಮಾತ್ರ. ಅದು ಇಲ್ಲದೆ ಕಿಡ್ನಿಯ ಇತರ ಗುರುತುಗಳು ಇದ್ದರೆ, ಬಂದವರು ಯಾರೆಂದು ಗೊತ್ತಾಗುತ್ತದೆ.

ಯಾವ ಗುರುತುಗಳನ್ನು ಹುಡುಕಬೇಕು ಎಂದು ಪೆಥಾಲಜಿಸ್ಟ್ ನಿರ್ಧರಿಸುವುದು ವೈದ್ಯರು ಚೀಟಿಯಲ್ಲಿ ಬರೆದ ಮಾಹಿತಿ ನೋಡಿ. "2010ರಲ್ಲಿ ಕಿಡ್ನಿ ಕ್ಯಾನ್ಸರ್ ಆಪರೇಷನ್ ಆಗಿದೆ" ಎಂದು ಬರೆದಿದ್ದರೆ ಅವರು ಕಿಡ್ನಿಯ ಗುರುತುಗಳನ್ನೂ ಹುಡುಕುತ್ತಾರೆ. ಬರೆದಿಲ್ಲದಿದ್ದರೆ ಆ ಯೋಚನೆ ಬರದೇ ಹೋಗಬಹುದು. ಆ ಮಾಹಿತಿ ಚೀಟಿಗೆ ಬರಬೇಕಾದದ್ದು ನಿಮ್ಮ ಬಾಯಿಂದ.

ಮನೆಯವರು ಮುಚ್ಚಿಟ್ಟ ಸತ್ಯ

ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಕ್ಯಾನ್ಸರ್ ಆದಾಗ ಆ ಪದವನ್ನು ಅವರ ಮುಂದೆ ಆಡುವುದಿಲ್ಲ. "ಅಪ್ಪನಿಗೆ ಗೊತ್ತಾದರೆ ಕುಸಿದುಹೋಗುತ್ತಾರೆ" ಎಂದು ಮಕ್ಕಳು ವೈದ್ಯರನ್ನು ಬೇಡಿಕೊಳ್ಳುತ್ತಾರೆ. ರೋಗಿಗೆ ಹೇಳುವುದು "ಕಿಡ್ನಿಯಲ್ಲಿ ಗಡ್ಡೆ ಇತ್ತು, ತೆಗೆದರು" ಅಥವಾ "ಕಿಡ್ನಿಗೆ ಕೀವು ತುಂಬಿತ್ತು" ಎಂದಷ್ಟೇ. ಪ್ರೀತಿಯಿಂದಲೇ ಹೇಳಿದ ಸುಳ್ಳು ಅದು.

ಹನ್ನೆರಡು ವರ್ಷಗಳ ನಂತರ ಅದೇ ಅಪ್ಪ ಕುತ್ತಿಗೆಯ ಗಂಟು ತೋರಿಸಲು ಒಬ್ಬರೇ ಆಸ್ಪತ್ರೆಗೆ ಹೋಗುತ್ತಾರೆ ಎಂದುಕೊಳ್ಳಿ. "ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇ?" ಎಂದು ವೈದ್ಯರು ಕೇಳುತ್ತಾರೆ. "ಇಲ್ಲ ಸಾರ್, ಒಂದು ಕಿಡ್ನಿ ತೆಗೆದಿದ್ದಾರೆ ಅಷ್ಟೆ" ಎಂದು ಅವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ, ಆದರೆ ರೋಗದ ಎಳೆ ತಪ್ಪಿಹೋಯಿತು.

ರೋಗಿಗೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಪ್ರತಿ ಕುಟುಂಬದ ಕಷ್ಟದ ನಿರ್ಧಾರ. ಆದರೆ ವೈದ್ಯರಿಂದ ಮಾತ್ರ ಮುಚ್ಚಿಡಬೇಡಿ. ಮನೆಯಲ್ಲಿ ಒಬ್ಬರಾದರೂ ಪೂರ್ತಿ ವಿವರ ತಿಳಿದವರಿರಬೇಕು, ಅವರು ಆಸ್ಪತ್ರೆಗೆ ಜೊತೆಗೆ ಹೋಗಬೇಕು. "ಗಡ್ಡೆ ತೆಗೆದರು" ಎಂದಿದ್ದರೆ, ಆ ಗಡ್ಡೆಯ ಬಯಾಪ್ಸಿ ರಿಪೋರ್ಟ್ ಏನಿತ್ತು ಎಂದು ಈಗಲಾದರೂ ತೆಗೆದು ನೋಡಿ.

ಏನನ್ನು ಗಮನಿಸಬೇಕು?

ಕನ್ನಡಿಯ ಮುಂದೆ ನಿಂತು, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಒಂದು ಗುಟುಕು ನೀರು ಕುಡಿಯಿರಿ. ನುಂಗುವಾಗ ಕುತ್ತಿಗೆಯ ಮುಂಭಾಗದ ಉಬ್ಬು ಮೇಲಕ್ಕೆ ಹೋಗಿ ಕೆಳಕ್ಕೆ ಬಂದರೆ ಅದು ಥೈರಾಯ್ಡ್‌ಗೆ ಸಂಬಂಧಿಸಿದ ಗಂಟಾಗಿರುವ ಸಾಧ್ಯತೆ ಹೆಚ್ಚು. ಇದು ರೋಗ ನಿರ್ಣಯವಲ್ಲ, ವೈದ್ಯರಿಗೆ ತೋರಿಸಲು ಒಂದು ಕಾರಣ ಮಾತ್ರ.

ಈ ಲಕ್ಷಣಗಳಿದ್ದರೆ ತಡಮಾಡಬೇಡಿ:

• ಗಂಟು ವಾರಗಳಲ್ಲೇ ದೊಡ್ಡದಾಗುತ್ತಿದ್ದರೆ ಅಥವಾ ಕಲ್ಲಿನಂತೆ ಗಟ್ಟಿಯಾಗಿದ್ದರೆ
• ನೆಗಡಿ, ಕೆಮ್ಮು ಇಲ್ಲದೆಯೂ ದನಿ ಗೊಗ್ಗರಾಗಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ
• ಊಟ ನುಂಗಲು ಕಷ್ಟವಾಗುತ್ತಿದ್ದರೆ
• ಕುತ್ತಿಗೆಯ ಪಕ್ಕದಲ್ಲೂ ಗಂಟುಗಳು ಕಂಡರೆ
• ಉಸಿರಾಡುವಾಗ ಸದ್ದು ಬರುತ್ತಿದ್ದರೆ ಅಥವಾ ಉಸಿರು ಕಟ್ಟಿದಂತಾದರೆ. ಹೀಗಾದರೆ ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೋಗಬೇಕು.

ಅನೇಕರಲ್ಲಿ ಇದಾವುದೂ ಇರುವುದಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಗಂಟು ಕಾಣುತ್ತದೆ. ಕ್ಯಾನ್ಸರ್ ಫಾಲೋಅಪ್‌ಗೆ ಮಾಡಿಸಿದ ಪೆಟ್-ಸಿಟಿಯಲ್ಲಿ ಥೈರಾಯ್ಡ್‌ನ ಒಂದು ಜಾಗ ಮಾತ್ರ ಹೊಳೆದರೆ ಅದನ್ನು ಕಡೆಗಣಿಸುವಂತಿಲ್ಲ. ಹಾಗೆ ಹೊಳೆಯುವ ಜಾಗಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕ್ಯಾನ್ಸರ್ ಆಗಿರುತ್ತದೆ. ಅದೂ ಹೆಚ್ಚಾಗಿ ಥೈರಾಯ್ಡ್‌ನದೇ ಕ್ಯಾನ್ಸರ್. ಉಳಿದ ಎರಡು ಪಾಲು ಕ್ಯಾನ್ಸರ್ ಅಲ್ಲ ಎಂಬುದನ್ನೂ ನೆನಪಿಡಿ. ಹಿಂದೆ ಕ್ಯಾನ್ಸರ್ ಆದವರಿಗೂ ಸಾಮಾನ್ಯ, ನಿರುಪದ್ರವಿ ಥೈರಾಯ್ಡ್ ಗಂಟು ಬರುತ್ತದೆ.

ಆಸ್ಪತ್ರೆಗೆ ಹೋಗುವಾಗ ಏನು ಒಯ್ಯಬೇಕು?

• ಹಳೆಯ ಆಪರೇಷನ್‌ನ ಡಿಸ್ಚಾರ್ಜ್ ಸಾರಾಂಶ ಮತ್ತು ಬಯಾಪ್ಸಿ ರಿಪೋರ್ಟ್. ಇವುಗಳ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರಿಗೂ ಕಳಿಸಿರಿ.
• ಹಳೆಯ ಸ್ಲೈಡ್ ಮತ್ತು ಬ್ಲಾಕ್‌ಗಳ ವಿವರ. ಆಪರೇಷನ್‌ನಲ್ಲಿ ತೆಗೆದ ಅಂಗಾಂಶದ ತುಂಡನ್ನು ಮೇಣದಲ್ಲಿ ಹುದುಗಿಸಿ ಆಸ್ಪತ್ರೆಗಳು ಹಲವು ವರ್ಷ ಇಟ್ಟಿರುತ್ತವೆ. ಅದೇ ಬ್ಲಾಕ್. ಹೊಸ ಗಂಟಿನ ಜೀವಕೋಶವನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿದರೆ ಉತ್ತರ ಬೇಗ ಸಿಗುತ್ತದೆ. ಎರಡೂ ಬೇರೆ ಆಸ್ಪತ್ರೆಗಳಾಗಿದ್ದರೆ ಕೇಳಿ ಪಡೆಯಬಹುದು.
• ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ.

ವೈದ್ಯರನ್ನು ಒಂದು ಪ್ರಶ್ನೆ ಕೇಳಲು ಹಿಂಜರಿಯಬೇಡಿ: "ಈ ಗಂಟಿಗೂ ಹಳೆಯ ಕ್ಯಾನ್ಸರ್‌ಗೂ ಸಂಬಂಧ ಇರಬಹುದೇ?"

ಹರಡಿದೆ ಎಂದರೆ ಎಲ್ಲ ಮುಗಿಯಿತೇ?

ಹಾಗೇನಿಲ್ಲ. ಉತ್ತರ ಎರಡು ವಿಷಯಗಳ ಮೇಲೆ ನಿಂತಿದೆ: ಯಾವ ಕ್ಯಾನ್ಸರ್, ಮತ್ತು ಬೇರೆಲ್ಲಿ ಹರಡಿದೆ. ಅದಕ್ಕಾಗಿ ಮೊದಲು ಇಡೀ ದೇಹದ ಸ್ಕ್ಯಾನ್ ಮಾಡುತ್ತಾರೆ.

ಕಿಡ್ನಿ ಕ್ಯಾನ್ಸರ್ ಥೈರಾಯ್ಡ್‌ಗೆ ಮಾತ್ರ ಹರಡಿದ್ದು, ಬೇರೆಲ್ಲೂ ಇಲ್ಲದಿದ್ದರೆ, ಥೈರಾಯ್ಡ್‌ನ ಆ ಭಾಗವನ್ನೋ ಪೂರ್ತಿಯನ್ನೋ ಆಪರೇಷನ್ ಮಾಡಿ ತೆಗೆಯುವುದುಂಟು. ಹೀಗೆ ಮಾಡಿಸಿಕೊಂಡು ಅನೇಕ ವರ್ಷ ಬದುಕಿದವರಿದ್ದಾರೆ. ಪೂರ್ತಿ ತೆಗೆದರೆ ಜೀವನವಿಡೀ ಹಾರ್ಮೋನು ಮಾತ್ರೆ ನುಂಗಬೇಕಾಗುತ್ತದೆ.

ಹಲವು ಕಡೆ ಹರಡಿದ್ದರೆ ಇಡೀ ದೇಹಕ್ಕೆ ತಲುಪುವ ಔಷಧ ಬೇಕು. ಕಿಡ್ನಿ ಕ್ಯಾನ್ಸರ್‌ಗೆ ಸುನಿಟಿನಿಬ್, ಪಜೋಪನಿಬ್‌ನಂಥ ಮಾತ್ರೆಗಳು, ನಿವೊಲುಮ್ಯಾಬ್‌ನಂಥ ಇಮ್ಯುನೋಥೆರಪಿ ಔಷಧಗಳು ಈಗ ಇವೆ. ಇಲ್ಲೊಂದು ಸ್ವಾರಸ್ಯವಿದೆ. ಈ ಔಷಧಗಳಲ್ಲಿ ಕೆಲವು ಥೈರಾಯ್ಡ್ ಹಾರ್ಮೋನನ್ನು ಕಡಿಮೆ ಮಾಡುತ್ತವೆ. ಹಾಗಾಗಿ ಚಿಕಿತ್ಸೆ ನಡೆಯುವಾಗ ಟಿಎಸ್‌ಎಚ್ ಆಗಾಗ ನೋಡುತ್ತಾರೆ. ಕ್ಯಾನ್ಸರ್ ಪತ್ತೆಗೆ ಬಾರದ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ತನ, ಶ್ವಾಸಕೋಶ, ಕರುಳಿನ ಕ್ಯಾನ್ಸರ್ ಆಗಿದ್ದರೆ ಆಯಾ ಕ್ಯಾನ್ಸರ್‌ನ ಚಿಕಿತ್ಸೆಯೇ ನಡೆಯುತ್ತದೆ. ಗಂಟು ಉಸಿರಾಟಕ್ಕೆ ಅಡ್ಡಿಯಾಗುತ್ತಿದ್ದರೆ ಅದನ್ನು ನಿವಾರಿಸುವುದೂ ಚಿಕಿತ್ಸೆಯ ಭಾಗ.

ಅನೇಕ ಕಡೆ ಹರಡಿದ ಕ್ಯಾನ್ಸರ್ ಕಷ್ಟದ ಕಾಯಿಲೆ ಎಂಬುದನ್ನು ಮರೆಮಾಚುವಂತಿಲ್ಲ. ಆದರೆ "ಹರಡಿದೆ" ಎಂಬ ಒಂದೇ ಪದ ಕೇಳಿ ಚಿಕಿತ್ಸೆ ಬಿಟ್ಟು ಮನೆಗೆ ಬರುವುದು ಆತುರದ ನಿರ್ಧಾರ. ಕ್ಯಾನ್ಸರ್ ತಜ್ಞರು ಪೂರ್ತಿ ಚಿತ್ರ ನೋಡಿ ಹೇಳುವವರೆಗೆ ಕಾಯಿರಿ.

ಇದನ್ನು ಫಾರ್ವರ್ಡ್ ಮಾಡಿ

ಇಡೀ ಲೇಖನ ಓದಲು ಎಲ್ಲರಿಗೂ ಸಮಯ ಇರುವುದಿಲ್ಲ. ಗ್ರೂಪ್‌ಗೆ ಕಳಿಸಲು ಇಷ್ಟು ಸಾಕು:

ಕುತ್ತಿಗೆಯ ಗಂಟು ಹೆಚ್ಚಾಗಿ ನಿರುಪದ್ರವಿ, ಆದರೂ ವೈದ್ಯರಿಗೆ ತೋರಿಸಿ. ಟಿಎಸ್‌ಎಚ್ ನಾರ್ಮಲ್ ಎಂದು ಸುಮ್ಮನಾಗಬೇಡಿ. ಸೂಜಿ ಪರೀಕ್ಷೆಗೆ ಹೆದರಬೇಡಿ. ನಿಮಗೆ ಅಥವಾ ಮನೆಯವರಿಗೆ ಹಿಂದೆ ಯಾವಾಗಲೇ ಕ್ಯಾನ್ಸರ್ ಆಗಿದ್ದರೂ, ಇಪ್ಪತ್ತು ವರ್ಷದ ಹಿಂದಿನದಾದರೂ, ಅದನ್ನು ವೈದ್ಯರಿಗೆ ಮೊದಲು ಹೇಳಿ. ಹಳೆಯ ಫೈಲ್ ಬಿಸಾಡಬೇಡಿ.